ತಮ್ಮನ ಶೆಡ್ಡು, ನನ್ನ ಬಡ್ತಿ

ನಾನು ಪರ್ಚೇಸ್‌ನಲ್ಲಿ ಕೆಲಸ ಮಾಡುತ್ತೇನೆ ಎಂದರೆ ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಕೆಲವರು ನಾನು ಕಂಪನಿಗೆ ಪೊರಕೆ, ಫಿನಾಯಿಲ್ ತರುವವಳು ಎಂದುಕೊಳ್ಳುತ್ತಾರೆ. ಇನ್ನು ಕೆಲವರು ಕಣ್ಣು ಮಿಟುಕಿಸಿ, "ಗಿಂಬಳ ಚೆನ್ನಾಗಿರ್ಬೇಕಲ್ಲಾ?" ಎನ್ನುತ್ತಾರೆ. ಅಂಥವರಿಗೆ ನಮ್ಮ ಮನೆಯಲ್ಲಿ ಕಾಫಿ ಇಲ್ಲ.

ನಮ್ಮದು ಪಂಪ್ ತಯಾರಿಸುವ ಕಂಪನಿ. ಪಂಪಿನೊಳಗೆ ತಿರುಗುವ ಉಕ್ಕಿನ ಶಾಫ್ಟುಗಳನ್ನು ಹೊರಗಿನ ಸಣ್ಣ ವರ್ಕ್‌ಶಾಪುಗಳಲ್ಲಿ ಮಾಡಿಸಿ ತರಿಸುವುದು ಆಗ ನನ್ನ ಕೆಲಸ. ಬಿ.ಕಾಂ. ಓದಿದವಳಿಗೆ ಡ್ರಾಯಿಂಗ್ ಎಲ್ಲಿ ಅರ್ಥವಾಗಬೇಕು? ಲೇತ್ ಪಕ್ಕ ನಿಂತು, ದುಪಟ್ಟಾಗೆ ಎಣ್ಣೆ ಕಲೆ ಮಾಡಿಕೊಂಡು ಕಲಿತೆ. ಭಾನುವಾರಗಳಲ್ಲಿ ಯಶವಂತಪುರದ ಕ್ಲಾಸಿಗೆ ಹೋಗಿ ಡಿಪ್ಲೊಮಾ ಮುಗಿಸಿದೆ. ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಕುರ್ಚಿ ನನ್ನದೇ ಎಂದು ನಾನೂ ನಂಬಿದ್ದೆ, ಆಫೀಸಿನವರೂ ನಂಬಿದ್ದರು.

ಅದೇ ವರ್ಷ ನನ್ನ ತಮ್ಮ ಕೆಲಸ ಬಿಟ್ಟು, ಟಿ. ದಾಸರಹಳ್ಳಿಯಲ್ಲಿ ಶೆಡ್ ಹಿಡಿದು ಲೇತ್ ಮೆಷಿನ್ ಹಾಕಿದ. ಪೂಜೆಯ ದಿನ ನನ್ನ ಕೈಯಿಂದಲೇ ಸ್ವಿಚ್ ಒತ್ತಿಸಿದ. ಬೂದುಗುಂಬಳಕಾಯಿ ಒಡೆದ ಮೇಲೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮಕ್ಕ. ಪಂಪ್ ಕಂಪ್ನೀಲಿ ಪರ್ಚೇಸ್ ನೋಡ್ಕೋತಾರೆ" ಎಂದ. ಅವನ ಸ್ನೇಹಿತನೊಬ್ಬ, "ಇನ್ನೇನ್ ಮಗಾ, ಆರ್ಡರ್ ಮನೇಲೇ ಐತಲ್ಲ!" ಎಂದು ಅವನ ಬೆನ್ನು ತಟ್ಟಿದ. ನಾನು ಪೊಂಗಲ್ ತಟ್ಟೆ ಕೆಳಗಿಟ್ಟೆ. ನನ್ನನ್ನು ಒಂದು ಮಾತೂ ಕೇಳದೆ, ನಮ್ಮ ಶಾಫ್ಟುಗಳನ್ನು ನಂಬಿಕೊಂಡೇ ಅವನು ಆ ಮೆಷಿನ್ ತಂದಿದ್ದ.

ಸ್ವಲ್ಪ ದಿನದಲ್ಲೇ ಅವನ ಕೊಟೇಶನ್ ನನ್ನ ಮೇಜಿಗೆ ಬಂತು. ನೇರ ಕಂಪನಿಯ ಮ್ಯಾನೇಜರ್ ಹತ್ತಿರ ಹೋಗಿ, "ಇವನು ನನ್ನ ತಮ್ಮ ಸಾರ್" ಎಂದೆ. ಅವರು ಕೆಟ್ಟವರಲ್ಲ.

"ಇದನ್ನ ವಾಪಸ್ ಕಳಿಸ್ಬಿಡಿ ಮೇಡಂ, ಕುರ್ಚಿ ನಿಮ್ದೇ. ಅವರನ್ನ ಪರಿಗಣಿಸ್ಬೇಕು ಅಂದ್ರೆ ನೀವು ಈ ವಿಭಾಗದಿಂದ ಹೊರಗೆ ಬರ್ಬೇಕಾಗತ್ತೆ" ಎಂದರು.

ಬಸ್ಸಿನಲ್ಲಿ ಮನೆಗೆ ಬರುವಾಗ ಅದೇ ಯೋಚನೆ. ಅಕ್ಕ ಎಂಬ ಕಾರಣಕ್ಕೆ ಆರ್ಡರ್ ಕೊಡುವುದು ತಪ್ಪಾದರೆ, ಅಕ್ಕ ಎಂಬ ಕಾರಣಕ್ಕೆ ಬಾಗಿಲು ಹಾಕುವುದೂ ತಪ್ಪೇ ತಾನೆ? ಇಷ್ಟು ಸರಳವಾದ ಮಾತಿಗೆ ಇಷ್ಟು ವರ್ಷದ ದುಡಿಮೆ ಕೊಡಬೇಕಲ್ಲ ಎಂದು ಸಿಟ್ಟೂ ಬಂತು. ಮರುದಿನ ವಿಭಾಗ ಬಿಟ್ಟೆ. ನನ್ನನ್ನು ಪ್ಯಾಕಿಂಗ್ ಸಾಮಾನಿನ ಖರೀದಿಗೆ ಹಾಕಿದರು: ರಟ್ಟಿನ ಡಬ್ಬ, ಮರದ ಪೆಟ್ಟಿಗೆ.

ನನ್ನ ಜಾಗಕ್ಕೆ ಬಂದ ಕಿರಿಯ ಸಹೋದ್ಯೋಗಿ ಶೆಡ್ ನೋಡಿ ಬಂದ. ಅಳತೆಯ ಉಪಕರಣಗಳು ಸಾಲದು ಎಂದು ತಮ್ಮನನ್ನು ಬೇಡವೆಂದ. ಆ ತೀರ್ಮಾನದಲ್ಲಿ ನಾನು ತಲೆ ಹಾಕಲಿಲ್ಲ. ಮುಖ್ಯಸ್ಥನ ಕುರ್ಚಿಯೂ ಆ ಹುಡುಗನಿಗೇ ಹೋಯಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

"ಊರೋರಿಗೆಲ್ಲಾ ಕೆಲಸ ಕೊಡ್ತೀಯ, ತಮ್ಮನಿಗೆ ಒಂದ್ ಮಾತ್ ಹೇಳೋಕಾಗ್ಲಿಲ್ವಾ?" ಎಂದು ಅಮ್ಮ ಕೇಳಿದಳು. ಡಬ್ಬದ ವಿಭಾಗಕ್ಕೆ ಮಾಮೂಲಿ ವರ್ಗವಾಯಿತೆಂದಷ್ಟೇ ಮನೆಯಲ್ಲಿ ಹೇಳಿದ್ದೆ. ನಿಜ ಹೇಳಿದರೆ ಉಪಕಾರ ಎತ್ತಿ ಆಡಿದ ಹಾಗಾಗುತ್ತಿತ್ತು. ತಮ್ಮ ಆ ಸಲ ಗೌರಿ ಹಬ್ಬಕ್ಕೆ ಬಾಗಿನದ ದುಡ್ಡನ್ನು ಫೋನಿನಲ್ಲೇ ಕಳಿಸಿದ, ಮನೆಗೆ ಬರಲಿಲ್ಲ. ಮುಂದಿನ ಹಬ್ಬಗಳಲ್ಲೂ ಅಷ್ಟೇ.

ಈಗ ಆಫೀಸಿಗೆ ಹೊಸದಾಗಿ ಸೇರಿದವರು, ಈ ಲೈನಿನಲ್ಲಿ ಮೇಲೆ ಬರುವುದು ಹೇಗೆ ಎಂದು ಕೇಳುತ್ತಾರೆ. ಕೋರ್ಸು, ಡ್ರಾಯಿಂಗ್ ಎಲ್ಲ ಹೇಳಿ, ನಿಮ್ಮ ಕೆಲಸ ಏನು, ಏನಲ್ಲ ಎಂದು ಮನೆಯವರಿಗೂ ಬಿಡಿಸಿ ಹೇಳಿ ಎನ್ನುತ್ತೇನೆ. ಅವರು ನಗುತ್ತಾರೆ.

ಹೋದ ತಿಂಗಳು ತಮ್ಮ ಇದ್ದಕ್ಕಿದ್ದಂತೆ ಮನೆಗೆ ಬಂದ. ಬೇರೆ ಗಿರಾಕಿಗಳು ಸಿಕ್ಕಿ ಅವನ ಶೆಡ್ ಬೆಳೆದಿದೆ, ಖರೀದಿಗೆ ಒಬ್ಬನನ್ನು ಇಟ್ಟುಕೊಂಡಿದ್ದಾನೆ. ಆ ಮನುಷ್ಯ ಕಬ್ಬಿಣದ ರಾಡನ್ನು ತನ್ನ ಭಾವಮೈದನ ಅಂಗಡಿಯಿಂದಲೇ ತರಿಸುತ್ತಿದ್ದಾನಂತೆ.

"ರೇಟ್ ಸರಿ ಇದೆ, ಮಾಲೂ ಸರಿ ಇದೆ. ಆದ್ರೆ ನಂಗೆ ಹೇಳ್ಲೇ ಇಲ್ಲ ಅಕ್ಕ."

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ರಾಡ್ ಖರೀದಿನ ಬೇರೆಯವರಿಗೆ ಕೊಟ್ಟು, ಅವನನ್ನ ಬೇರೆ ಕಡೆ..."

ಅಲ್ಲಿಗೇ ನಿಲ್ಲಿಸಿದ. ನನ್ನ ಮುಖವನ್ನೇ ನೋಡಿದ.

"ನಿನ್ನನ್ನ ಡಬ್ಬದ ವಿಭಾಗಕ್ಕೆ ಹಾಕಿದ್ದು ಅದಕ್ಕಾ?"

ಹೂಂ ಎಂದೆ. ಕುರ್ಚಿ ಹೋದಾಗ ಅತ್ತಿರಲಿಲ್ಲ. ಈಗ ಅಳು ತಡೆಯಲಾಗಲಿಲ್ಲ. ತಮ್ಮ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತ.