ಕೂಳೆ ಸೀಳುತ್ತಿದ್ದಾಕೆ

ನಮ್ಮೂರು ತಳಕಿನಲ್ಲಿ ನಮ್ಮ ಬದುವಿನಾಚೆ ಹೊಲದಾಕೆ ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಜೋಳ ಕೊಯ್ದ ಮೇಲೆ ನಾವೆಲ್ಲ ಬುಡದ ಕೂಳೆಯನ್ನು ಹೊಲದಲ್ಲೇ ಬಿಡುತ್ತಿದ್ದೆವು. ಅವಳು ಕಿತ್ತು, ಕುಡುಗೋಲಿನಿಂದ ಸೀಳಿ, "ಒಳಗ್ ನೋಡ್ಬೇಕು" ಎನ್ನುತ್ತಿದ್ದಳು.

ಆ ವರ್ಷ ನನ್ನ ಜೋಳ ತೆನೆ ಬಲಿಯುವ ಮೊದಲೇ ಮುರಿದು ಬಿತ್ತು. ಅವಳು ನನ್ನದೊಂದು ಕೂಳೆ ಸೀಳಿದಳು. ಒಳಗೆಲ್ಲ ಇದ್ದಿಲ ಪುಡಿಯಂಥ ಕಪ್ಪು ಬೂಷ್ಟು. ಬಿಟ್ಟರೆ ಮುಂದಿನ ಬೆಳೆಗೂ ಹತ್ತುತ್ತದೆ ಎಂದಳು. ನಾನು ಎರಡು ದಿನ ಕೂತು ಕಿತ್ತು, ಎಲ್ಲವನ್ನೂ ತಿಪ್ಪೆಗೆ ಹಾಕಿದೆ.

"ಏನಕ್ಕಾ, ರೋಗಾನ ಗೊಬ್ಬರದ ಗಾಡಿಲಿ ಕೂರ್ಸಿ ವಾಪಸ್ ಹೊಲಕ್ಕೇ ಕರ್ಕೊಂಡ್ ಹೋಗ್ತೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಳು.

"ನಿನ್ ಹೊಲ ನೋಡ್ಕ ಹೋಗೇ," ಎಂದೆ.

"ಅದನ್ನೇ ನೋಡ್ಕಂತಿರೋದು. ಬದು ದಾಟಾಕೆ ರೋಗಕ್ಕೇನು ಕಾಲ್ ಬೇಕಾ?"

ಅಂದವಳೇ ಸೆರಗು ಸಿಕ್ಕಿಸಿ ತಿಪ್ಪೆಗಿಳಿದಳು. ಸಗಣಿಯೊಳಗಿಂದ ಒಂದೊಂದೇ ಕೂಳೆ ಹೆಕ್ಕಿ, ಸುಡಲೆಂದು ನನ್ನ ನೀರೊಲೆಯ ಮುಂದೆ ರಾಶಿ ಹಾಕಿದಳು. ಹೊತ್ತು ಇಳಿಯುವವರೆಗೆ ನೀರು ಸಹ ಕೇಳಲಿಲ್ಲ.

ಅವಳು ಹೋದ ಮೇಲೆ, ಒಂದಾದರೂ ಬಿಟ್ಟಿದ್ದರೆ ಬಾಯಿ ಮುಚ್ಚಿಸೋಣವೆಂದು ನಾನೂ ಇಳಿದು ತಿಪ್ಪೆಯನ್ನೆಲ್ಲ ಕೆದಕಿದೆ. ಒಂದೂ ಸಿಗಲಿಲ್ಲ.