ಕರಾಚಿಯ ಅಣ್ಣನ ಮನೆ

ಜರ್ಮನಿಯ ಬೊಬ್ಲಿಂಗೆನ್ ಸ್ಟೇಷನ್ನಿಗೆ ನಸೀಮ್ ಆಪಾ ನನಗಿಂತ ಮೊದಲೇ ಬಂದು ನಿಂತಿದ್ದರು. ಫೆಬ್ರುವರಿಯ ಚಳಿ, ಮಾತಾಡಿದರೆ ಬಾಯಿಂದ ಹೊಗೆ. ಒಂದು ಕೈಯಲ್ಲಿ ಕೇಸಿನ ಫೈಲು, ಇನ್ನೊಂದರಲ್ಲಿ ಪರಾಠಾ ಡಬ್ಬಿ. ಆಪಾ ಪಾಕಿಸ್ತಾನದವರು. ಇಲ್ಲಿಯ ನಿರಾಶ್ರಿತರ ಹಾಸ್ಟೆಲಿನ ಒಂದು ಕೋಣೆಯಲ್ಲಿ ಇನ್ನಿಬ್ಬರ ಜೊತೆ ಇದ್ದಾರೆ. ನಾನು ವಿಜಯಪುರದವಳು, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್, ಬಿಡುವಾದಾಗ ಪೇಪರಿಗೆ ಬರೆಯುತ್ತೇನೆ. ಟರ್ಕಿಯವರ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವಾಗ ನಮ್ಮ ಪರಿಚಯವಾಯಿತು. ಅವರದು ಉರ್ದು, ನನ್ನದು ದಖ್ಖನಿ. ನನ್ನ ಮಾತು ಕೇಳಿ ಅವರಿಗೆ ನಗು ತಡೆಯುತ್ತಿರಲಿಲ್ಲ.

ಆ ದಿನ ಕೋರ್ಟಿನಲ್ಲಿ ಅವರ ಮೇಲ್ಮನವಿಯ ವಿಚಾರಣೆ, ನಗು ಬರುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮೈದುನನನ್ನು ಮದುವೆಯಾಗಲು ಒಪ್ಪದೆ ಓಡಿಬಂದ ಹೆಂಗಸು. ಸಿಕ್ಕರೆ ಜೀವ ಸಹಿತ ಬಿಡುವುದಿಲ್ಲ ಎಂದು ಗಂಡನ ಮನೆಯವರು ಕೂತಿದ್ದಾರೆ. ಆದರೂ ಆಶ್ರಯದ ಅರ್ಜಿ ತಿರಸ್ಕಾರವಾಗಿತ್ತು. ಕರಾಚಿಯಲ್ಲಿ ಅಣ್ಣನಿದ್ದಾನೆ, ಅವನ ಮನೆಯಲ್ಲಿ ಇರಬಹುದಲ್ಲ ಎಂಬುದು ವಲಸೆ ಕಚೇರಿಯ ವಾದ. ಸ್ವಂತ ದೇಶದಲ್ಲೇ ಸುರಕ್ಷಿತ ಜಾಗವಿದ್ದರೆ ಇಲ್ಲಿಯ ಕಾನೂನು ಆಶ್ರಯ ಕೊಡುವುದಿಲ್ಲ. ಮೊದಲ ವಿಚಾರಣೆಯಲ್ಲಿ "ನಮ್ಮಣ್ಣ ಬಂಗಾರದಂಥವನು" ಎಂದು ಹೇಳಿಬಿಟ್ಟವರು ಇವರೇ! ಈಗ ಕೋರ್ಟೂ ಅದನ್ನೇ ಎತ್ತಿಹಿಡಿದರೆ ಇಲ್ಲಿರುವ ಅನುಮತಿ ಹೋಗಿ ವಾಪಸು ಕಳಿಸುತ್ತಾರೆ.

ನಾನು ರಜೆ ಕೇಳಿದಾಗ ಮೈಸೂರಿನ ಸಹೋದ್ಯೋಗಿ, "ನಿಮಗ್ಯಾಕೆ ಮೇಡಂ ಈ ತಲೆನೋವು? ನಿಮ್ದೇ ಪರ್ಮಿಟ್ ರಿನ್ಯೂವಲ್‌ಗೆ ಇನ್ನೂ ಅಪಾಯಿಂಟ್‌ಮೆಂಟ್ ಸಿಕ್ಕಿಲ್ಲ" ಎಂದಿದ್ದ. "ಕೋರ್ಟು ಎಲ್ಲಾರಿಗೂ ಓಪನ್ ಇರ್ತದಪ್ಪಾ, ಹಿಂದ ಕುಂತು ಬರ್ತೀನಿ" ಎಂದು ಅವನ ಬಾಯಿ ಮುಚ್ಚಿಸಿದ್ದೆ.

ಇಬ್ಬರಿಗೂ ಸೇರಿ ರಾಜ್ಯದೊಳಗಿನ ದಿನದ ಟಿಕೆಟ್ ತೆಗೆದೆವು. ಹೆರೆನ್‌ಬರ್ಗ್‌ವರೆಗೆ ಎಸ್-ಬಾನ್ ಲೋಕಲ್ ರೈಲು, ಅಲ್ಲಿಂದ ಟ್ಯೂಬಿಂಗೆನ್‌ಗೆ ಪುಟ್ಟ ಗಾಡಿ, ಆಮೇಲೆ ದಕ್ಷಿಣಕ್ಕೆ ಹೋಗುವ ಇನ್ನೊಂದು. ಹೆಖಿಂಗೆನ್ ಹತ್ತಿರ ಬೆಟ್ಟದ ಮೇಲೆ ಹಿಮ ಹೊದ್ದ ಅರಮನೆ ಕಾಣಿಸಿತು.

"ಅಲ್ಲಿ ಯಾರಿರ್ತಾರೆ?" ಆಪಾ ಕೇಳಿದರು.

"ಯಾರೂ ಇರಂಗಿಲ್ರೀ. ಟಿಕೆಟ್ ತಗೊಂಡು ನೋಡಿ ಬರೋದು."

"ಅಷ್ಟೂ ಕೋಣೆ ಖಾಲಿನಾ?" ಎಂದು ಅವರು ಬೆಟ್ಟ ಮರೆಯಾಗುವವರೆಗೆ ಕತ್ತು ತಿರುಗಿಸಿ ನೋಡಿದರು.

ಪರಾಠಾ ತಿನ್ನುತ್ತಾ ಅಣ್ಣನ ವಿಷಯ ತೆಗೆದೆ. ಆಪಾ ಹೇಳಿದರು: "ಅಣ್ಣ ನನ್ನನ್ನ ಕೋಣೆಗೆ ಹಾಕಿ ಬೀಗ ಜಡಿದ. ಬಂದು ಕರ್ಕೊಂಡು ಹೋಗು ಅಂತ ಮೈದುನನಿಗೆ ಫೋನ್ ಮಾಡಿದ."

ನಾನು ಪರಾಠಾ ಕೆಳಗಿಟ್ಟೆ. "ಮತ್ತ ಹೊರಗ ಹೆಂಗ ಬಂದ್ರಿ?"

"ಬೆಳಗ್ಗೆ ಬಾಗಿಲು ತೆರೆದಿತ್ತು."

"ಅಯ್ಯೋ ದೇವರೇ! ಇದನ್ನ ಯಾಕ ಹೇಳಲಿಲ್ರಿ?"

"ತವರಿನ ಮಾತು ಪರರ ಮುಂದೆ ಹೇಗೆ ಆಡಲಿ?"

ನನ್ನ ತಾಯಿಯೂ ಹೀಗೆಯೇ. ಅವಳ ಅಣ್ಣನ ಬಗ್ಗೆ ಯಾರಾದರೂ ಒಂದು ಮಾತು ಅಂದರೆ ಊಟ ಬಿಟ್ಟು ಏಳುತ್ತಾಳೆ. ಹಾಗಾಗಿ ಆಪಾ ಮೇಲೆ ಸಿಟ್ಟೂ ಬಂತು, ಸಂಕಟವೂ ಆಯಿತು. ಕೋರ್ಟಿದ್ದ ಊರು ಬರುವಷ್ಟರಲ್ಲಿ, ಇದನ್ನು ಅಲ್ಲಿ ಹೇಳುತ್ತೇನೆಂದು ಅವರಿಂದ ಮಾತು ತೆಗೆದುಕೊಂಡೆ. ಕೋರ್ಟಿನ ಬಾಗಿಲಲ್ಲಿ ಕಾಯುತ್ತಿದ್ದ ವಕೀಲೆಗೆ ಎಲ್ಲವನ್ನೂ ಜರ್ಮನ್‌ನಲ್ಲಿ ವಿವರಿಸಿದೆ. ಆಕೆಯ ಮುಖ ಅರಳಿತು. "ಇದೇ ಕೇಸು! ಆದರೆ ನಾನು ಹೇಳಿದರೆ ಸಾಲದು, ಅವರ ಬಾಯಿಂದಲೇ ಬರಬೇಕು" ಎಂದಳು.

ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಕೋರ್ಟಿನ ದುಭಾಷಿ ಬಂದರು. ನೆರೆತ ಗಡ್ಡ, ಮೃದು ಮಾತು. ಸಲಾಂ ಹೇಳಿದವರೇ ನಮ್ಮ ಕಡೆಯವರ ಹಾಗೆಯೇ ಶುರು ಮಾಡಿದರು. ಯಾವ ಊರು? ಯಾರ ಪೈಕಿ? ಅಣ್ಣ ಕರಾಚಿಯಲ್ಲಿ ಎಲ್ಲಿ? ಆಪಾ ಮೊಹಲ್ಲಾದ ಹೆಸರು ಹೇಳಿದರು.

"ಅರೇ! ನನ್ನ ತಂಗಿಯನ್ನ ಅಲ್ಲಿಗೇ ಕೊಟ್ಟಿದ್ದೀವಿ. ನಿಮ್ಮಣ್ಣನ ಮನೆಯವರು ಅವಳಿಗೆ ಗೊತ್ತಿರಲೇಬೇಕು."

ಪರದೇಶದ ಕೋರ್ಟಿನಲ್ಲಿ ನಮ್ಮವರೇ ಸಿಕ್ಕರಲ್ಲ ಎಂದು ನಾನು ಹಿಗ್ಗಿದೆ. ಡಬ್ಬಿ ತೆಗೆದು ಅವರಿಗೂ ಒಂದು ಪರಾಠಾ ಕೊಟ್ಟೆ. ಆಪಾ ದುಪಟ್ಟಾವನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು. ಚಳಿ ಎಂದುಕೊಂಡೆ.

ನ್ಯಾಯಾಧೀಶೆ ಒರಟು ಹೆಂಗಸೇನಲ್ಲ. ಆಪಾಗೆ ನೀರು ತರಿಸಿ, ನಿಧಾನವಾಗಿ ಕೇಳಿದರು: "ಅಣ್ಣನ ಮನೆ ಬಿಟ್ಟಿದ್ದೇಕೆ?" ದುಭಾಷಿ ಅದನ್ನು ಉರ್ದುವಿಗೆ ತಿರುಗಿಸಿ, ಪೆನ್ನು ಹಿಡಿದು ಕಾದರು. ಆಪಾ ಅವರನ್ನೊಮ್ಮೆ ನೋಡಿದರು.

"ಅಣ್ಣ ತಂದೆಯಂಥವನು. ಅವನಿಗೆ ಭಾರ ಆಗಬಾರದು ಅಂತ ಹೊರಟೆ."

ವಕೀಲೆ ಬಿಡಲಿಲ್ಲ. "ಅಲ್ಲಿ ನಿಮಗೆ ಏನಾದರೂ ತೊಂದರೆಯಾಯಿತೇ?"

"ಇಲ್ಲ."

ನನಗೆ ತಡೆಯಲಾಗಲಿಲ್ಲ. "ಆಪಾ!" ಎಂದು ಎದ್ದು ನಿಂತೆ. ಕೂರದಿದ್ದರೆ ಹೊರಗೆ ಕಳಿಸುವುದಾಗಿ ನ್ಯಾಯಾಧೀಶೆ ಹೇಳಿದರು. ಕೂತೆ. ವಕೀಲೆ ಫೈಲು ಮುಚ್ಚಿದಳು. ತೀರ್ಪು ಅಂಚೆಯಲ್ಲಿ ಬರುತ್ತದೆ ಎಂದರು ನ್ಯಾಯಾಧೀಶೆ.

ವಾಪಸು ಬರುವಾಗ ಗಾಡಿಯಲ್ಲಿ ನಾವಿಬ್ಬರೇ ಎನ್ನುವಷ್ಟು ಖಾಲಿ. ನಾನು ಹರಿಹಾಯ್ದೆ. "ಜೀವಕ್ಕಿಂತ ತವರಿನ ಮರ್ಯಾದಿ ಹೆಚ್ಚಾತೇನ್ರಿ? ಕೊಲ್ಲಾಕ ಕೊಟ್ಟ ಅಣ್ಣಗ ಎಂಥಾ ಮರ್ಯಾದಿ?"

ಆಪಾ ಕಿಟಕಿಯಿಂದ ಮುಖ ತಿರುಗಿಸಿದರು.

"ಅಣ್ಣನ ಮರ್ಯಾದೆ ಮಣ್ಣಾಗಲಿ. ಬೀಗ ಹಾಕಿದ್ದ ಅಂದರೆ, ತೆಗೆದದ್ದು ಯಾರು ಅಂತ ಕೇಳ್ತಿದ್ದರು. ಆ ದುಭಾಷಿಯ ತಂಗಿ ಅದೇ ಮೊಹಲ್ಲಾದಲ್ಲಿದ್ದಾಳೆ. ಬಾಗಿಲು ತೆಗೆದವಳು ನನ್ನ ಅತ್ತಿಗೆ. ಅವಳು ಇನ್ನೂ ಆ ಮನೆಯಲ್ಲೇ ಇದ್ದಾಳೆ."

ಪರಾಠಾ ಕೊಟ್ಟು ದುಭಾಷಿಯನ್ನು ನಂಟನ ಹಾಗೆ ಉಪಚರಿಸಿದ ನನ್ನ ಕೈ ನೋಡಿಕೊಂಡೆ. ಅವರು ಒಳ್ಳೆಯವರೇ ಇರಬಹುದು, ಯಾರಿಗೂ ಹೇಳುತ್ತಿರಲಿಲ್ಲವೋ ಏನೋ. ಆದರೆ ಆ ಭರವಸೆಯ ಮೇಲೆ ಇನ್ನೊಬ್ಬಳ ಜೀವ ಇಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬೇರೆ ದುಭಾಷಿಯನ್ನು ಕೇಳಬಹುದಿತ್ತಲ್ಲ ಎಂಬುದು ಹೊಳೆದಾಗ ಹೆರೆನ್‌ಬರ್ಗ್ ದಾಟಿತ್ತು.

ಬೊಬ್ಲಿಂಗೆನ್‌ನಲ್ಲಿ ಇಳಿದಾಗ ಹಿಮ ಬೀಳುತ್ತಿತ್ತು. ಆಪಾ ನನ್ನ ಕೈ ಹಿಡಿದುಕೊಂಡರು. "ನೀನು ಪೇಪರಿಗೆ ಬರೀತೀಯಲ್ಲ. ಇದನ್ನ ಬರೆದರೆ ಹೆಸರು ಬದಲಿಸು" ಎಂದರು.

ಬದಲಿಸಿದ್ದೇನೆ. ಆ ಊರು ಕರಾಚಿಯೂ ಅಲ್ಲ.