ಗಂಡು ಹುಳ ಇದ್ದ ಗಾಜು

ನಿನ್ನೆ ಮಗಳು ಹೊಸ್ತಿಲಲ್ಲಿ ಕುಳಿತು ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಶಹಾಪುರದ ಈ ಮನೆ ಮರೆತೇ ಹೋಯಿತು. ನಾನು ಮೊದಲು ಕೆಲಸಕ್ಕಿದ್ದ ಭೀಮರಾಯನಗುಡಿಯ ಕೃಷಿ ಲ್ಯಾಬು, ಅಲ್ಲಿ ಸೂಕ್ಷ್ಮದರ್ಶಕದ ಮೇಲೆ ಬಾಗಿದ ಹುಳಶಾಸ್ತ್ರದ ಮೇಡಂ...

ನಾನು ಮಣ್ಣು ಪರೀಕ್ಷಿಸುತ್ತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ಅವರು ತಿಪ್ಪೆಯ ಗೊಣ್ಣೆಹುಳ ಸೀಳುತ್ತಿದ್ದರು. ಅದರ ಕರುಳಿನಲ್ಲಿ ದಾರದ ಎಳೆಗಿಂತ ಸಣ್ಣ ಹುಳಗಳು ಇರುತ್ತವೆ. ಕೆಂಭಾವಿಯ ತಿಪ್ಪೆಯೊಂದರಲ್ಲಿ ಸಿಕ್ಕವು ಯಾರೂ ಕಾಣದ ಹೊಸ ಜಾತಿಯವು ಎಂದು ಮೇಡಂಗೆ ಖಾತ್ರಿಯಾಗಿತ್ತು. ಆದರೆ ಸಿಕ್ಕವೆಲ್ಲ ಹೆಣ್ಣು. ಗಂಡನ್ನೂ ತೋರಿಸಿದರಷ್ಟೇ ಹೆಸರಿಡಲು ಒಪ್ಪುತ್ತೇವೆಂದು ಮೇಲಿನ ವಿಜ್ಞಾನಿಗಳು ಪಟ್ಟು ಹಿಡಿದಿದ್ದರು. ಗಂಡು ಸಿಗುವುದೇ ಅಪರೂಪ. ಆ ಬೇಸಿಗೆಯಿಡೀ ಇಬ್ಬರೂ ತಿಪ್ಪೆ ಕೆದರಿದೆವು. ಜನ ನಕ್ಕರು, ನಗಲಿ ಬಿಡಿ.

ಎರಡು ಗಾಜಿನ ನಡುವೆ ಹನಿ ನೀರಲ್ಲಿ ಹುಳ ಇಟ್ಟು, ಆ ನೀರು ಆರದಂತೆ ಅಂಚಿಗೆ ನೇಲ್ ಪಾಲಿಶ್ ಬಳಿಯುವುದು ಆ ಕಸುಬಿನ ರೂಢಿ. ಲ್ಯಾಬಿನ ಹತ್ತಿರದ ಅಂಗಡಿಯಲ್ಲಿ ಕೆಂಪು ಮಾತ್ರ ಇತ್ತು, ಮೇಡಂ ಅದನ್ನೇ ಕೊಂಡರು. ಅವರ ಗಂಡ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ಸುರಪುರದ ಅತ್ತೆಮನೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಅವರ ಬೋಳು ಉಗುರುಗಳನ್ನು ಯಾರೂ ನೋಡಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೊಂದು ಮಧ್ಯಾಹ್ನ ಗಂಡು ಸಿಕ್ಕಿತು. ಮೇಡಂ ನನ್ನನ್ನು ಕರೆದು ತೋರಿಸಿದರು. ಗಾಜು ಮುಚ್ಚಿ, ಬಣ್ಣದ ಸೀಸೆಯ ಮುಚ್ಚಳ ತಿರುಗಿಸುವಷ್ಟರಲ್ಲಿ ಅವರ ಮೈದುನ ಬಾಗಿಲಲ್ಲಿ ನಿಂತಿದ್ದ. ಬಂದವನೇ ಸೀಸೆ ಕಸಿದು ಜೇಬಿಗಿಟ್ಟ.

"ಅದು ಗಾಜಿಗಿ ಹಚ್ಚೋದೈತಿ," ಎಂದರು ಮೇಡಂ.

"ಗಾಜಿಗಿ ಯಾರರ ಬಣ್ಣ ಹಚ್ತಾರೇನ್ರಿ ವೈನಿ? ನಡೀರಿ ಮನಿಗಿ."

ನಾನೂ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅದು ಸುಳ್ಳಿನಂತೆಯೇ ಕೇಳಿಸಿತು. ಮೇಡಂ ಬಾಗಿಲಲ್ಲಿ ಒಮ್ಮೆ ತಿರುಗಿ, ಅದು ಆರದಂತೆ ನೋಡಿಕೋ ಎಂದು ಮೈದುನನ ಹಿಂದೆ ಹೊರಟರು.

ಗಾಜಿನಂಚಿಗೆ ನೀರು ಹನಿಸಿ ಅಂಗಡಿಗೆ ಓಡಿದೆ. ಇದ್ದದ್ದು ಅದೊಂದೇ ಸೀಸೆಯಂತೆ. ಬಸ್ಸು ಹಿಡಿದು ಶಹಾಪುರಕ್ಕೆ ಹೋಗಿ ಬಣ್ಣ ತರುವಷ್ಟರಲ್ಲಿ... ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಗಾಜಿನ ನಡುವೆ ಮುರುಟಿದ ಒಂದು ಗೀಟು ಉಳಿದಿತ್ತು.

ಮುಂದೊಮ್ಮೆ ಸುರಪುರಕ್ಕೆ ಹೋಗಿ ಅವರನ್ನು ಕಂಡೆ. ನಮ್ಮಿಬ್ಬರ ನಡುವೆ ಅತ್ತೆ ಕುಳಿತಿದ್ದರು. ಮಳೆ, ಬೆಳೆ ಎಂದು ಮಾತಾಡಿದೆವು. ಚಹಾದ ಕಪ್ಪು ಎತ್ತುವಾಗ ಮೇಡಂ ತಲೆ ತಗ್ಗಿಸಿಯೇ ಕೇಳಿದರು: "ಅದು ಆರ್ತೇನ?"

"ಆರ್ತ್ರಿ."

ಅವರು ಕಪ್ಪು ಹಿಡಿದು ಒಳಗೆ ಹೋದರು. ನಾನು ಹೊರಡುವ ತನಕ ಹೊರಗೆ ಬರಲಿಲ್ಲ. ಲ್ಯಾಬಿಗಂತೂ ಮರಳಲೇ ಇಲ್ಲ. ಕೆಂಭಾವಿಯ ಆ ಹುಳಕ್ಕೆ ಇನ್ನೂ ಹೆಸರಿಲ್ಲ. ಮೇಡಂ ಈಗಲೂ ಆ ಮನೆಯಲ್ಲೇ ಇದ್ದಾರೆ ಎನ್ನುತ್ತಾರೆ. ನಾನು ಕಳೆದುಕೊಂಡ ಮೇಡಂ ಮಾತ್ರ ಅಲ್ಲಿ ಸಿಗುವುದಿಲ್ಲ...

ಮಗಳು ಕೈ ಎಳೆದುಕೊಂಡು ನನ್ನ ಉಗುರಿಗೂ ಬಣ್ಣ ಬಳಿದಳು. ಆರುವ ತನಕ ಅಲ್ಲಾಡಬೇಡ ಎಂದಳು. ನಾನು ಅಲ್ಲಾಡಲಿಲ್ಲ.